ರೋಗಕಾರಕ ಶಿಲೀಂಧ್ರದಿಂದ ಬೆಲೆಬಾಳುವ ಸರಕು

ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ಅಸಹಜ ಎತ್ತರಕ್ಕೆ ಬೆಳೆದು, ಬಿಳಿಚಿಕೊಂಡು ಒಣಗುತ್ತಿದ್ದವು. ಬದುಕುಳಿದವು ಜೊಳ್ಳು ಬಿಡುತ್ತಿದ್ದವು. ಅಲ್ಲಿನ ರೈತರು ಇದನ್ನು ‘ಬಕಾನೆ’, ಅಂದರೆ ಹುಚ್ಚು ಸಸಿ, ಎಂದು ಕರೆದರು. ರೋಗಕಾರಕ ಶಿಲೀಂಧ್ರವನ್ನು ಬೆಳೆಸಿ, ಸೋಸಿ ತೆಗೆದ ದ್ರವವೊಂದೇ ಸಸಿಗಳನ್ನು ಹೀಗೆ ಉದ್ದವಾಗಿಸಬಲ್ಲದೆಂದು 1926ರಲ್ಲಿ ಎಯಿಚಿ ಕುರೊಸಾವಾ ತೋರಿಸಿದರು. 1935ರಲ್ಲಿ ತೇಜಿರೊ ಯಬುಟಾ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು.

ಸಸ್ಯಗಳೂ ಈ ಹಾರ್ಮೋನನ್ನು ಉತ್ಪಾದಿಸುತ್ತವೆ, ಆದರೆ ಅತ್ಯಲ್ಪ ಪ್ರಮಾಣದಲ್ಲಿ. ಶಿಲೀಂಧ್ರವಾದರೋ ಹೇರಳವಾಗಿ ಸ್ರವಿಸುತ್ತದೆ. ಆದ್ದರಿಂದಲೇ ಮಾರುಕಟ್ಟೆಯ ಜಿಬ್ಬರೆಲಿಕ್ ಆಮ್ಲವನ್ನು ಇಂದಿಗೂ ಫ್ಯುಸೇರಿಯಂ ಫ್ಯೂಜಿಕುರೊಯ್ ಎಂಬ ಅದೇ ಶಿಲೀಂಧ್ರವನ್ನು ತೊಟ್ಟಿಗಳಲ್ಲಿ ಬೆಳೆಸಿ ಪಡೆಯಲಾಗುತ್ತದೆ. ಪೋಷಕ ದ್ರವದಲ್ಲಿ ಸಾರಜನಕ ಮುಗಿದ ನಂತರವೇ ಸ್ರಾವ ಹೆಚ್ಚುವುದರಿಂದ, ಆಹಾರದ ಪ್ರಮಾಣವನ್ನು ಹತೋಟಿಯಲ್ಲಿಡುವುದೇ ತಯಾರಕರ ಮುಖ್ಯ ಕೌಶಲ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬೀಜರಹಿತ ದ್ರಾಕ್ಷಿ ಬೆಳೆಗಾರರಿಗೆ ಇದು ಚಿರಪರಿಚಿತ. ಗೊಂಚಲು ಸಡಿಲಗೊಳ್ಳಲು, ಕಾಯಿ ದಪ್ಪವಾಗಲು ಇದನ್ನು ಬಳಸುತ್ತಾರೆ. ಬಾರ್ಲಿಯಿಂದ ಮಾಲ್ಟ್ ತಯಾರಿಸುವ ಉದ್ಯಮದಲ್ಲೂ ಇದಕ್ಕೆ ಬೇಡಿಕೆಯಿದೆ.

ವರ್ತಕರು ಗಮನಿಸಬೇಕಾದ ಅಂಶವೊಂದಿದೆ. ಇದು ಗೊಬ್ಬರವಲ್ಲ, 1968ರ ಕೀಟನಾಶಕ ಕಾಯಿದೆಯ ಅನುಸೂಚಿಯಲ್ಲಿ ಸೇರಿರುವ ವಸ್ತು. ನೋಂದಾಯಿತ ಉತ್ಪನ್ನವನ್ನು ಮಾತ್ರ, ಪರವಾನಗಿ ಪಡೆದೇ ಮಾರಬೇಕು. ಬಳಕೆಯ ಲೆಕ್ಕವಿರುವುದು ದಶಲಕ್ಷದ ಭಾಗಗಳಲ್ಲಿ. ಪುಡಿಯ ಶುದ್ಧತೆ ಲೇಬಲ್ಲಿನಲ್ಲಿ ನಮೂದಿಸಿದಷ್ಟು ಇಲ್ಲದಿದ್ದರೆ ಬೆಳೆಗಾರನ ಲೆಕ್ಕವೆಲ್ಲ ತಪ್ಪುತ್ತದೆ. ಒಂದು ಹಂಗಾಮಿನ ಫಸಲು ಕೆಟ್ಟರೆ, ಅದರೊಡನೆ ವರ್ತಕನ ಮೇಲಿನ ವಿಶ್ವಾಸವೂ ಹೋಗುತ್ತದೆ. ಗದ್ದೆಯ ಸಸಿಯನ್ನು ಕೆಡಿಸಿದ ವಸ್ತುವೇ ಮಿತವರಿತು ಬಳಸಿದಾಗ ತೋಟಕ್ಕೆ ಲಾಭ ತಂದಿದೆ. ಆ ಮಿತಿಯನ್ನು ಕಾಯುವ ಹೊಣೆ ತಯಾರಕ ಮತ್ತು ಮಾರಾಟಗಾರರದೂ ಹೌದು.