ಕಟ್ಟೆಗೆ ಮೊದಲ ಪಾಲು

ಒಬ್ಬನೇ ಕಾಯಲಾಗದ ಮಣ್ಣೊಂದುಂಟು. ಕುಂಕಳ್ಳಿಯ ನೆರೆಯ ಅಸೋಳ್ಣದಲ್ಲಿ, ಸಾಳ ನದಿಯ ದಂಡೆಯ ತಗ್ಗು ಗದ್ದೆಗಳನ್ನು ನೋಡಿದವರಿಗೆ ಈ ಮಾತಿನ ಅರ್ಥ ಕೂಡಲೇ ಆಗುವುದು. ಉಬ್ಬರದಲ್ಲಿ ಸಮುದ್ರದ ನೀರು ಏರಿ ಬರುವ ಇಂತಹ ಭೂಮಿಯನ್ನು ಗೋವೆಯಲ್ಲಿ ಖಾಜನವೆನ್ನುತ್ತಾರೆ. ನಮ್ಮ ಕುಮಟೆಯ ಗಜನಿಯೂ ಇದೇ ಜಾತಿಯದು.

ಜೇಡಿಮಣ್ಣಿನ ಕಟ್ಟೆ ಉಪ್ಪುನೀರನ್ನು ತಡೆಯುತ್ತದೆ. ಕಟ್ಟೆಯಲ್ಲಿ ಕೂರಿಸಿದ ‘ಮಾನಸ’ವೆಂಬ ಮರದ ಬಾಗಿಲು ಉಬ್ಬರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತಕ್ಕೆ ತೆರೆದು ಒಳಗಿನ ಮಳೆನೀರನ್ನು ಹೊರಬಿಡುತ್ತದೆ. ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಉಪ್ಪು ತಾಳುವ ಭತ್ತವನ್ನು ಬೆಳೆಯುವರು. ಗೋವೆಯಲ್ಲಿ ಅದು ಕೊರಗುಟ, ಕುಮಟೆಯಲ್ಲಿ ಕಗ್ಗ. ಕಟ್ಟೆ ಒಂದೆಡೆ ಒಡೆದರೂ ಕೆಡುವುದು ಒಬ್ಬನ ಗದ್ದೆಯಲ್ಲ, ಇಡೀ ಬಯಲು.

ಹಾಗಾದರೆ ಕಟ್ಟೆಯ ವೆಚ್ಚ ಯಾರದು? ಹಿಂದಿನ ಗಾಂವ್ಕಾರಿ ಪದ್ಧತಿಯಲ್ಲಿ ಇದಕ್ಕೆ ಉತ್ತರವಿತ್ತು. ಊರಿನ ಸಾಮೂಹಿಕ ಭೂಮಿಯನ್ನು ಹರಾಜಿನಲ್ಲಿ ಗೇಣಿಗೆ ಕೊಡುತ್ತಿದ್ದರು. ಬಂದ ಹಣದಲ್ಲಿ ಸರಕಾರದ ಕಂದಾಯ ಹಾಗೂ ಕಟ್ಟೆ, ಕಾಲುವೆ, ದೇವಸ್ಥಾನಗಳ ಖರ್ಚು ಕಳೆದು, ಉಳಿದುದನ್ನು ಮಾತ್ರ ಗಾಂವ್ಕಾರರು ‘ಝೋಣ’ವೆಂದು ಹಂಚಿಕೊಳ್ಳುತ್ತಿದ್ದರು. ಲಾಭ ಕೊನೆಗೆ, ಮಣ್ಣು ಮೊದಲು.

ಈ ಏರ್ಪಾಡು ಕೈತಪ್ಪಿದರೆ ಏನಾಗುವುದೆಂಬುದನ್ನು ಕುಂಕಳ್ಳಿ ಬಲ್ಲದು. 1583ರಲ್ಲಿ ಪೋರ್ಚುಗೀಸರ ವಿರುದ್ಧ ಈ ಊರು ದಂಗೆಯೆದ್ದಿತು. ಮಾತುಕತೆಗೆಂದು ಅಸೋಳ್ಣದ ಕೋಟೆಗೆ ಕರೆಸಿಕೊಂಡು ಊರಿನ ಮುಖಂಡರನ್ನು ಕೊಂದರು. ಬಳಿಕ ಸುತ್ತಲಿನ ಹಳ್ಳಿಗಳ ಭೂಮಿ ಪರಕೀಯ ಜಹಗೀರಿಯಾಯಿತು. ಊರ ಹುಟ್ಟುವಳಿಯ ವಿನಿಯೋಗವನ್ನು ಊರೇ ತೀರ್ಮಾನಿಸುವ ಹಕ್ಕು ಹೋಯಿತು.

ವಿಮೋಚನೆಯ ಅನಂತರ 1964ರ ಗೇಣಿ ಕಾಯಿದೆ ಮತ್ತು 1976ರ ತಿದ್ದುಪಡಿ ಉಳುವವನಿಗೆ ನ್ಯಾಯ ಒದಗಿಸಿದವು. ಕಟ್ಟೆಯ ಹೊಣೆ ಗೇಣಿದಾರರ ಸಂಘಗಳಿಗೆ ಬಂತು. ಆದರೆ ಮಾನಸದ ಬಾಯಲ್ಲಿ ಮೀನು ಹಿಡಿಯುವ ಹಕ್ಕಿನ ಹರಾಜು ದೊಡ್ಡ ಆದಾಯವಾದಾಗ ಹೊಸ ತೊಡಕು ಹುಟ್ಟಿತು. ಹೆಚ್ಚು ಮೀನಿನ ಆಸೆಗೆ ಉಪ್ಪುನೀರನ್ನು ಒಳಬಿಡುವವನೊಬ್ಬ, ಬೆಳೆ ಕಳೆದುಕೊಳ್ಳುವವನು ಇನ್ನೊಬ್ಬ. ಹಣವೇನೋ ಬಂತು, ಮಣ್ಣು ಕೆಟ್ಟಿತು.

ಆದುದರಿಂದ ಕೂಡಿ ಮಣ್ಣು ಕಾಯುವ ಯಾವ ಸಂಘಕ್ಕೂ ನಾಲ್ಕು ಕಟ್ಟಳೆಗಳು ಬೇಕೆಂದು ನಾವು ಭಾವಿಸುತ್ತೇವೆ. ಆದಾಯದಲ್ಲಿ ಕಟ್ಟೆಯ ಪಾಲನ್ನು ಮೊದಲೇ ತೆಗೆದಿಡಬೇಕು. ಬಾಗಿಲಿನ ಬೀಗ ಬೆಳೆಗಾರರ ಕೈಯಲ್ಲಿರಬೇಕು. ಕೊಯ್ಲಿಗೆ ಮುನ್ನ ಉಪ್ಪುನೀರನ್ನು ಒಳಬಿಡದಂತೆ ಹರಾಜಿನ ಕರಾರಿನಲ್ಲಿಯೇ ಬರೆಯಬೇಕು. ಪ್ರತಿವರ್ಷ ಮಣ್ಣಿನ ಉಪ್ಪನ್ನು ಪರೀಕ್ಷಿಸಿ, ಫಲಿತಾಂಶವನ್ನು ಜಮಾಖರ್ಚಿನ ಜೊತೆಗೇ ಸಭೆಯಲ್ಲಿ ಓದಬೇಕು. 2015ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಲವಣಾಂಶದ ಅಳತೆಯೂ ಇರುತ್ತದೆ.

1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ನಾಡಿನವರು ನಾವು. ಗೋವೆಯಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇಂದಿಗೂ ತುಂಡು ಗದ್ದೆಯಿದೆ. ಮುಂದಿನ ಸಲ ಊರಿಗೆ ಹೋದಾಗ ಫಸಲೆಷ್ಟೆಂದು ಕೇಳುವ ಮೊದಲು, ಕಟ್ಟೆಗೆಷ್ಟು ತೆಗೆದಿಟ್ಟಿರೆಂದು ಕೇಳೋಣ; ನಮ್ಮ ಪಾಲನ್ನೂ ಕೊಟ್ಟು ಬರೋಣ.