ಕೊಂಡ ಸಿನಿಮಾ, ಕೊಡದ ಕೀಲಿಕೈ

ಕಾಸು ಕೊಟ್ಟು ತಂದ ಡಿವಿಡಿಯ ಬೀಗ ತೆಗೆದರೆ ಅಪರಾಧವೇ? ಕಾಲು ಶತಮಾನದ ಹಿಂದೆ ಎದ್ದ ಈ ಪ್ರಶ್ನೆಗೆ ಅಮೆರಿಕ ಒಂದು ಉತ್ತರ ಕೊಟ್ಟಿತು, ನಾರ್ವೆ ಇನ್ನೊಂದು. ಭಾರತದ ಕಾನೂನು ಹಿಡಿದದ್ದು ಮತ್ತೊಂದು ದಾರಿ.

2000ನೇ ಇಸವಿಯ ಜನವರಿಯಲ್ಲಿ ನಾರ್ವೆಯ ಪೊಲೀಸರು ಹದಿನಾರು ವರ್ಷದ ಯೋನ್ ಲೆಕ್ ಯೋಹಾನ್ಸೆನ್‌ನ ಮನೆ ಜಾಲಾಡಿ ಕಂಪ್ಯೂಟರುಗಳನ್ನೂ ಮೊಬೈಲ್ ಫೋನನ್ನೂ ಒಯ್ದರು. ಹುಡುಗ ಕಳ್ಳಪ್ರತಿ ಮಾರಿದವನಲ್ಲ. ಅಂತರ್ಜಾಲದಲ್ಲಿ ಪರಿಚಯವಾಗಿದ್ದ ಗೆಳೆಯರ ಜೊತೆಗೂಡಿ 1999ರ ಅಕ್ಟೋಬರಿನಲ್ಲಿ ‘ಡಿ-ಸಿಎಸ್‌ಎಸ್’ ಎಂಬ ಪುಟ್ಟ ಪ್ರೋಗ್ರಾಂ ಹೊರತಂದಿದ್ದ, ಅಷ್ಟೆ. ಡಿವಿಡಿಗೆ ಹಾಲಿವುಡ್ ಜಡಿಸಿದ್ದ ಬೀಗವನ್ನು ಅದು ತೆಗೆಯುತ್ತಿತ್ತು. ದುಡ್ಡು ಕೊಟ್ಟು ತಂದ ಡಿಸ್ಕನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ನೋಡಬೇಕಿತ್ತು ಎಂಬುದು ಅವನ ಕಡೆಯ ವಾದ. ಕೊಂಡ ಸಿನಿಮಾದ ಮೇಲೆ ಕೊಂಡವನ ಹಕ್ಕು ಎಷ್ಟು ಎಂಬ ಪ್ರಶ್ನೆ ಹೀಗೆ ಪೊಲೀಸ್ ಠಾಣೆಯ ಮೆಟ್ಟಿಲೇರಿತು.

ಬೀಗ ಬಿದ್ದ ಬಗೆ

ಚಿತ್ರೋದ್ಯಮಕ್ಕೂ ನಕಲು ಯಂತ್ರಕ್ಕೂ ಜಗಳ ಹಳೆಯದು. ಟೀವಿಯಲ್ಲಿ ಬಂದದ್ದನ್ನು ಟೇಪಿಗಿಳಿಸುವ ಸೋನಿಯ ಬೀಟಾಮ್ಯಾಕ್ಸ್ ವಿರುದ್ಧ ಯೂನಿವರ್ಸಲ್ ಮತ್ತು ಡಿಸ್ನಿ 1976ರಲ್ಲಿ ಕೋರ್ಟಿಗೆ ಹೋದವು. ಬಿಡುವಾದಾಗ ನೋಡಲೆಂದು ಮನೆಯಲ್ಲಿ ಮಾಡಿಟ್ಟುಕೊಂಡ ಪ್ರತಿ ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ 5–4ರ ಬಹುಮತದಿಂದ ಹೇಳಿತು. ಆದರೆ ಟೇಪಿನ ನಕಲು ಪ್ರತಿಸಲವೂ ಮಂಕಾಗುತ್ತ ಹೋಗುತ್ತಿತ್ತು. ಡಿಜಿಟಲ್ ನಕಲು ನೂರನೆಯದೂ ಮೊದಲನೆಯದರಷ್ಟೇ ಸ್ವಚ್ಛ. ಸ್ಟುಡಿಯೋಗಳು ಹೆದರಿದ್ದು ಇದಕ್ಕೆ. 1996ರ ಕೊನೆಗೆ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಡಿವಿಡಿ ಮಾರುಕಟ್ಟೆಗೆ ಬಂದಾಗ ಸಿಎಸ್‌ಎಸ್ ಎಂಬ ಬೀಗವೂ ಜೊತೆಗೆ ಬಂತು. ನಮ್ಮ ಊರುಗಳ ಅಂಗಡಿಗಳನ್ನು ತುಂಬಿದ್ದ ವಿಸಿಡಿಗೆ ಇಂಥ ಬೀಗವೇ ಇರಲಿಲ್ಲ.

ಸಿಎಸ್‌ಎಸ್ ಕೆಲಸ ಮಾಡುವ ರೀತಿ ಹೀಗೆ. ಚಿತ್ರವನ್ನು ಗೂಢಲಿಪಿಯಲ್ಲಿ ಕಲಸಿ ಬರೆದಿರುತ್ತಾರೆ. ಬಿಡಿಸುವ ಕೀಲಿಕೈ ಅದೇ ಡಿಸ್ಕಿನ ಒಳಸುತ್ತಿನಲ್ಲಿರುತ್ತದೆ, ಆದರೆ ಅದಕ್ಕೂ ಬೀಗ. ಆ ಬೀಗ ತೆಗೆಯುವ ಕೀಲಿಕೈ ಇರುವುದು ಡಿವಿಡಿ ಪ್ಲೇಯರಿನೊಳಗೆ. ಪ್ಲೇಯರ್ ತಯಾರಕರಿಗೆ ಅದನ್ನು ಕೊಡಲು ಪರವಾನಗಿ ಸಂಸ್ಥೆಯೊಂದಿದೆ, ಅದರ ಷರತ್ತುಗಳಿವೆ. ಜಗತ್ತನ್ನು ವಲಯಗಳಾಗಿ ಹಂಚಿದ್ದು ಅವುಗಳಲ್ಲೊಂದು: ಅಮೆರಿಕ ಒಂದನೇ ವಲಯ, ಭಾರತ ಐದನೆಯದು. ಅಮೆರಿಕದಲ್ಲಿರುವ ಮಗ ಅಲ್ಲಿಂದ ತಂದುಕೊಟ್ಟ ಸಿನಿಮಾ ಇಲ್ಲಿನ ಪ್ಲೇಯರಿನಲ್ಲಿ ಓಡದಿದ್ದರೆ ಕಾರಣ ಇದೇ.

ಈ ಬೀಗ ತಡೆಯುವುದು ಯಾರನ್ನು ಎಂದು ಬಿಡಿಸಿ ನೋಡಬೇಕು. ಕಳ್ಳ ಕಾರ್ಖಾನೆಯೊಂದು ಡಿಸ್ಕನ್ನು ಇದ್ದದ್ದು ಇದ್ದಹಾಗೆ ಅಚ್ಚೊತ್ತಿದರೆ ಬೀಗ, ಕೀಲಿಕೈ ಸಮೇತ ನಕಲು ತಯಾರು. ಅಸಲಿ ಓಡುವ ಪ್ಲೇಯರಿನಲ್ಲೆಲ್ಲ ಅದೂ ಓಡುತ್ತದೆ. ಬೀಗ ಒಡೆಯುವ ಗೋಜೇ ಇಲ್ಲ. ಮನೆಯ ಗ್ರಾಹಕನಿಗೆ ಈ ಅನುಕೂಲವಿಲ್ಲ, ಏಕೆಂದರೆ ಅಂಗಡಿಯಲ್ಲಿ ಸಿಗುವ ಖಾಲಿ ಡಿಸ್ಕಿನಲ್ಲಿ ಕೀಲಿಕೈಯ ಜಾಗಕ್ಕೆ ಏನನ್ನೂ ಬರೆಯಲಾಗದು. ಹೀಗೆ ಬೀಗದ ಕೈಗೆ ಸಿಕ್ಕಿಬೀಳುವವನು ಮುಖ್ಯವಾಗಿ ಕಾಸು ಕೊಟ್ಟವನೇ.

ಆ ಬೀಗವೂ ಗಟ್ಟಿಯಿರಲಿಲ್ಲ. ಕೀಲಿಕೈಯ ಉದ್ದ 40 ಬಿಟ್ ಮಾತ್ರ. ಅದಕ್ಕಿಂತ ಬಲವಾದ ಗೂಢಲಿಪಿಯ ರಫ್ತಿಗೆ ಅಂದಿನ ಅಮೆರಿಕದಲ್ಲಿ ನಿರ್ಬಂಧವಿತ್ತು. ಕ್ಸಿಂಗ್ ಕಂಪನಿಯ ಪ್ಲೇಯರ್ ಸಾಫ್ಟ್‌ವೇರ್ ತನ್ನ ಕೀಲಿಕೈಯನ್ನು ಸರಿಯಾಗಿ ಮರೆಮಾಚಿರಲಿಲ್ಲ. ಆ ಎಳೆ ಹಿಡಿದೇ ಡಿ-ಸಿಎಸ್‌ಎಸ್ ಹುಟ್ಟಿತು. ಅದರ ಬೆನ್ನಿಗೇ ಫ್ರಾಂಕ್ ಸ್ಟೀವನ್‌ಸನ್ ಎಂಬಾತ, ಪ್ಲೇಯರಿನ ಕೀಲಿಕೈಯೇ ಇಲ್ಲದೆ ಸಾಧಾರಣ ಕಂಪ್ಯೂಟರೊಂದು ನಿಮಿಷದೊಳಗೆ ಬೀಗ ತೆಗೆಯಬಲ್ಲದೆಂದು ತೋರಿಸಿಕೊಟ್ಟ.

ಅಮೆರಿಕದ ಉತ್ತರ

ಬೀಗ ದುರ್ಬಲವಾದರೂ ಅದರ ಕಾವಲಿಗೆ ನಿಂತ ಕಾನೂನು ಬಲವಾಗಿತ್ತು. 1996ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಒಪ್ಪಿದ ಹಕ್ಕುಸ್ವಾಮ್ಯ ಒಪ್ಪಂದ, ಇಂಥ ಬೀಗಗಳಿಗೆ ಕಾನೂನಿನ ರಕ್ಷಣೆ ಕೊಡುವಂತೆ ಸದಸ್ಯ ದೇಶಗಳಿಗೆ ಹೇಳಿತು. ಅದನ್ನು ಆಧರಿಸಿದ ಡಿಎಂಸಿಎ ಕಾಯ್ದೆಗೆ 1998ರ ಅಕ್ಟೋಬರ್ 28ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ಬೀಗ ತೆಗೆದು ಆಮೇಲೆ ಏನು ಮಾಡಿದೆ ಎಂಬುದು ಈ ಕಾಯ್ದೆಗೆ ಮುಖ್ಯವಲ್ಲ. ತೆಗೆದದ್ದೇ ತಪ್ಪು, ತೆಗೆಯುವ ಸಲಕರಣೆ ಹಂಚಿದ್ದೂ ತಪ್ಪು.

ಡಿ-ಸಿಎಸ್‌ಎಸ್ ಪ್ರಕಟಿಸಿದ ‘2600’ ಪತ್ರಿಕೆಯ ಮೇಲೆ ಸ್ಟುಡಿಯೋಗಳು ದಾವೆ ಹೂಡಿದವು. 2000ದ ಆಗಸ್ಟಿನಲ್ಲಿ ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್ ಪ್ರಕಟಣೆಯನ್ನು ನಿಷೇಧಿಸಿದ್ದಲ್ಲದೆ, ಅದು ಸಿಗುವ ಜಾಗಕ್ಕೆ ಕೊಂಡಿ ಕೊಡುವುದನ್ನೂ ತಡೆದರು. ಪ್ರತಿಭಟನೆಯಾಗಿ ಜನ ಆ ಪ್ರೋಗ್ರಾಮಿನ ಸಾಲುಗಳನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ತೊಟ್ಟರು. 2001ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಕ್ಯಾಪ್ಲನ್ ಆದೇಶವನ್ನು ಎತ್ತಿಹಿಡಿಯಿತು. ವಿಮರ್ಶೆಗೋ ಪಾಠಕ್ಕೋ ದೃಶ್ಯದ ತುಣುಕು ಬೇಕಾದವರು ಟೀವಿ ಪರದೆಯ ಮುಂದೆ ಕ್ಯಾಮೆರಾ ಹಿಡಿದು ಚಿತ್ರಿಸಿಕೊಳ್ಳಬಹುದು ಎಂಬುದು ಅದರ ತರ್ಕ. 2009ರಲ್ಲಿ ಸ್ಟುಡಿಯೋಗಳ ಸಂಘ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯ ಮುಂದೆ ಇದನ್ನೇ ಪ್ರಾತ್ಯಕ್ಷಿಕೆಯಾಗಿ ಮಾಡಿ ತೋರಿಸಿತು. ಸಿನಿಮಾ ಕಲಿಸುವ ಮೇಷ್ಟರು ನಿಚ್ಚಳವಾದ ಡಿಸ್ಕನ್ನು ಕೈಯಲ್ಲಿಟ್ಟುಕೊಂಡು ಮಸುಕು ಚಿತ್ರ ತೋರಿಸಬೇಕು ಎನ್ನುವ ಕಾನೂನು ಕಲೆಗೂ ಕಲಿಕೆಗೂ ಮಾಡಿದ ಅನ್ಯಾಯ. ಪ್ರಾಧ್ಯಾಪಕರಿಗೆ 2006ರಲ್ಲಿ, ಸಾಕ್ಷ್ಯಚಿತ್ರ ತಯಾರಕರಿಗೆ 2010ರಲ್ಲಿ ಒಂದಿಷ್ಟು ವಿನಾಯಿತಿ ಸಿಕ್ಕಿತು. ಆದರೆ ಅದು ಮೂರು ವರ್ಷಕ್ಕೊಮ್ಮೆ ಮತ್ತೆ ಕೇಳಿ ಪಡೆಯಬೇಕಾದ ವಿನಾಯಿತಿ.

ನಾರ್ವೆಯ ಉತ್ತರ

ಇನ್ನೊಬ್ಬರ ದತ್ತಾಂಶಕ್ಕೆ ಅನಧಿಕೃತವಾಗಿ ಕೈಹಾಕಿದ ಎಂಬುದು ಯೋಹಾನ್ಸೆನ್ ಮೇಲಿನ ಆರೋಪ. 2003ರ ಜನವರಿ 7ರಂದು ಓಸ್ಲೋ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ನ್ಯಾಯವಾಗಿ ಕೊಂಡ ಡಿಸ್ಕಿನೊಳಗಿನ ಚಿತ್ರ ನೋಡಲು ಕೊಂಡವನಿಗೆ ಅಧಿಕಾರವಿದೆ. ತಯಾರಕರು ಬಯಸಿದ ಪ್ಲೇಯರಿನಲ್ಲೇ ನೋಡಬೇಕೆಂಬ ಕಟ್ಟುಪಾಡಿಲ್ಲ. ಪ್ರಾಸಿಕ್ಯೂಷನ್ ಮೇಲ್ಮನವಿ ಹೋಯಿತು. ಅದೇ ವರ್ಷದ ಡಿಸೆಂಬರ್ 22ರಂದು ಮೇಲಿನ ನ್ಯಾಯಾಲಯವೂ ನಿರ್ದೋಷಿ ಎಂದೇ ಹೇಳಿತು. 2005ರಲ್ಲಿ ನಾರ್ವೆ ಬೀಗ ರಕ್ಷಿಸುವ ಕಾನೂನು ತಂದಾಗಲೂ, ಕೊಂಡ ಕೃತಿಯನ್ನು ಸೂಕ್ತ ಉಪಕರಣದಲ್ಲಿ ನೋಡುವ ಖಾಸಗಿ ಬಳಕೆದಾರನ ಹಕ್ಕನ್ನು ಉಳಿಸಿಕೊಂಡಿತು.

ನಮ್ಮ ಕಾಯ್ದೆ ಏನನ್ನುತ್ತದೆ?

ಭಾರತ ಜಿನೀವಾ ಒಪ್ಪಂದಕ್ಕೆ ಸೇರಿದ್ದು 2018ರಲ್ಲಿ. ಅದಕ್ಕೂ ಮೊದಲೇ, 2012ರಲ್ಲಿ, 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತ್ತು. ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದರೆ ಕಲಮಿನೊಳಗೆ ಒಂದು ಷರತ್ತಿದೆ: ಒಡೆದದ್ದು ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಆಗಿರಬೇಕು. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಒಡೆದರೆ ಅದು ಅಪರಾಧವಲ್ಲ. ಅಂಥ ಕೆಲಸಕ್ಕೆ ಬೇರೆಯವರಿಗೆ ನೆರವಾದವರು ಅವರ ಹೆಸರು, ವಿಳಾಸ, ಉದ್ದೇಶಗಳ ದಾಖಲೆ ಇಟ್ಟಿರಬೇಕು. ಖಾಸಗಿ ಬಳಕೆ, ವಿಮರ್ಶೆಗಾಗಿ ಕೃತಿಯನ್ನು ನ್ಯಾಯೋಚಿತವಾಗಿ ಬಳಸಲು 52ನೇ ಕಲಂ ಅವಕಾಶ ಕೊಡುತ್ತದೆ. ಎರಡನ್ನೂ ಕೂಡಿಸಿ ಓದಿದರೆ, ತಾನು ಕೊಂಡ ಚಿತ್ರವನ್ನು ತಾನು ನೋಡಲೆಂದು ಬೀಗ ತೆಗೆದವನು ಅಪರಾಧಿಯಲ್ಲ ಎಂದೇ ನನಗೆ ತೋರುತ್ತದೆ.

ಹಾಗೆಂದು ಪೈರಸಿಯ ನೋವು ಸುಳ್ಳಲ್ಲ. ಚಿತ್ರವೊಂದಕ್ಕೆ ಸಾಲ ಮಾಡಿ ಹಣ ಹಾಕಿದ ನಿರ್ಮಾಪಕ, ದಿನಗೂಲಿಗೆ ದುಡಿದ ಲೈಟ್‌ಬಾಯ್, ಎಲ್ಲರ ಅನ್ನದ ಪ್ರಶ್ನೆ ಅದು. ಆದರೆ ಕನ್ನಡ ಸಿನಿಮಾ ಬಿಡುಗಡೆಯಾದ ದಿನವೇ ಹರಿದಾಡುವ ಪ್ರತಿ ಯಾರೋ ಕೊಂಡ ಡಿಸ್ಕಿನಿಂದ ಬಂದದ್ದಾಗಿರಲು ಸಾಧ್ಯವಿಲ್ಲ. ಡಿಸ್ಕು ಅಂಗಡಿಗೆ ಬರುವುದು ಆಮೇಲೆ. ಕರ್ನಾಟಕ 2014ರಲ್ಲಿ ಗೂಂಡಾ ಕಾಯ್ದೆಯ ವ್ಯಾಪ್ತಿಗೆ ಪೈರಸಿಯನ್ನು ತಂದಿತು. ಥಿಯೇಟರಿನಲ್ಲಿ ಚಿತ್ರೀಕರಿಸಿದರೆ ಕನಿಷ್ಠ ಮೂರು ತಿಂಗಳ ಜೈಲು ಎಂದು 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ವಿಧಿಸಿತು. ಶಿಕ್ಷೆ ಕಡಿಮೆಯಿರಬೇಕೇ ಹೆಚ್ಚಿರಬೇಕೇ ಎಂಬುದು ಬೇರೆ ಚರ್ಚೆ. ಇವು ಗುರಿಯಿಟ್ಟದ್ದು ಕದ್ದು ಹಂಚುವವರ ಮೇಲೆ.

ಈಗ ಡಿಸ್ಕಿನ ಕಾಲ ಹೋಗಿ ಪ್ರಶ್ನೆ ಇನ್ನೂ ಹರಿತವಾಗಿದೆ. ಕೊಂಡ ಚಿತ್ರಗಳನ್ನು ಆನ್‌ಲೈನಿನಲ್ಲಿ ಕಾಪಿಟ್ಟುಕೊಡುತ್ತೇನೆಂದ ಅಲ್ಟ್ರಾವಯೊಲೆಟ್ ಸೇವೆ 2019ರ ಜುಲೈನಲ್ಲಿ ಮುಚ್ಚಿತು. 2022ರಲ್ಲಿ ಜರ್ಮನಿ, ಆಸ್ಟ್ರಿಯಾಗಳ ಪ್ಲೇಸ್ಟೇಷನ್ ಗ್ರಾಹಕರಿಗೆ, ಅವರು ದುಡ್ಡು ಕೊಟ್ಟಿದ್ದ ಸ್ಟುಡಿಯೋಕೆನಾಲ್ ಚಿತ್ರಗಳು ಇನ್ನು ಸಿಗವು ಎಂಬ ಸೂಚನೆ ಹೋಯಿತು. ಮಾರುತ್ತಿರುವುದು ಬರೀ ಪರವಾನಗಿ ಎಂದಾದರೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿಯಿಂದ ಜಾರಿಯಲ್ಲಿದೆ.

ತಿಂಗಳ ಚಂದಾ ಕಟ್ಟಿ ನೋಡುವುದು ಬಾಡಿಗೆ. ಅದರ ಬೀಗ ಒಡೆದು ಪ್ರತಿ ಇಟ್ಟುಕೊಳ್ಳುವುದನ್ನು ನಾನು ಸಮರ್ಥಿಸಲಾರೆ. ಕೊಂಡ ಡಿಸ್ಕಿನಿಂದ ಪ್ರತಿ ಮಾಡಿ ಊರಿಗೆಲ್ಲ ಹಂಚುವುದೂ ಕಳ್ಳತನವೇ. ಆದರೆ ‘ಕೊಳ್ಳಿ’ ಎಂದು ಹೇಳಿ ಹಣ ತೆಗೆದುಕೊಂಡ ಮೇಲೆ ಕೊಂಡವನು ತನ್ನ ಮನೆಯಲ್ಲಿ, ತನ್ನ ಯಂತ್ರದಲ್ಲಿ, ಗೀರು ಬೀಳದ ಪ್ರತಿಯೊಂದನ್ನು ಇಟ್ಟುಕೊಂಡು ನೋಡುವುದು ಅವನ ಹಕ್ಕು. ಕಾನೂನು ಕೇಳಬೇಕಾದ್ದು ಬೀಗ ತೆಗೆದೆಯಾ ಎಂದಲ್ಲ, ತೆಗೆದು ಯಾರ ಪಾಲು ಕಿತ್ತುಕೊಂಡೆ ಎಂದು. ಆ ಪ್ರಶ್ನೆ ಕೇಳುವ ಉದ್ದೇಶದ ಮಾತು ನಮ್ಮ 65ಎ ಕಲಮಿನಲ್ಲಿ ಈಗಾಗಲೇ ಇದೆ. ಮುಂದಿನ ಯಾವ ತಿದ್ದುಪಡಿಯಲ್ಲೂ ಅದನ್ನು ಕಳೆದುಕೊಳ್ಳದಂತೆ ಸಿನಿಮಾ ಪ್ರೀತಿಸುವವರೆಲ್ಲ ಎಚ್ಚರವಹಿಸಬೇಕು.