ಹಿತ್ತಲ ಟೊಮೇಟೊವಿಗೊಂದು ರುಚಿಕೂಟ
ಮಂಡ್ಯ, ಮದ್ದೂರು, ಮಳವಳ್ಳಿಯ ಕೈತೋಟಗಾರರಿಗೆ ಕೆಲವು ಸಲಹೆಗಳು

ಮಂಡ್ಯ ಜಿಲ್ಲೆಯೆಂದರೆ ಕಬ್ಬು ಮತ್ತು ಭತ್ತದ ನಾಡು ಎಂಬುದು ಎಲ್ಲರಿಗೂ ತಿಳಿದ ವಿಷಯ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ತರಿ ಜಮೀನು ಬಹುಪಾಲು ಈ ಎರಡು ಬೆಳೆಗಳಿಗೇ ಮೀಸಲಾಯಿತು. ಆದರೂ ಮನೆಯ ಹಿಂದೆ, ಬಚ್ಚಲ ನೀರು ಹರಿದು ಹೋಗುವ ಕಡೆ, ತುಸು ಹಿತ್ತಲು ಉಳಿದಿದೆ. ಅಲ್ಲಿ ಕರಿಬೇವು, ನುಗ್ಗೆ, ಬಾಳೆಯ ಜೊತೆಗೆ ನಾಲ್ಕಾರು ಟೊಮೇಟೊ ಗಿಡಗಳೂ ಇರುತ್ತವೆ. ಕೆಲವನ್ನು ನಾವೇ ನೆಟ್ಟಿರುತ್ತೇವೆ, ಕೆಲವು ತಿಪ್ಪೆಯ ಬದಿಯಲ್ಲಿ ತಾವಾಗಿಯೇ ಹುಟ್ಟಿರುತ್ತವೆ. ಹಣ್ಣು ಸಾರಿಗೆ ಹೋಗುತ್ತದೆ. ಮಿಕ್ಕದ್ದು ನೆರೆಮನೆಗೆ ಹೋಗುತ್ತದೆ. ಯಾವ ಗಿಡದ ಹಣ್ಣು ಹೆಚ್ಚು ರುಚಿ, ಅದರ ಬೀಜವನ್ನು ಯಾರು ಎತ್ತಿಟ್ಟಿದ್ದಾರೆ ಎಂದು ಕೇಳುವವರು ಕಡಿಮೆ. "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ಈ ಗಿಡಕ್ಕೆ ಚೆನ್ನಾಗಿ ಒಪ್ಪುತ್ತದೆ.

ಮೂರು ತಾಲ್ಲೂಕುಗಳ ಕೈತೋಟಗಾರರು ವರ್ಷಕ್ಕೊಮ್ಮೆ ಒಂದೆಡೆ ಸೇರಿ, ತಮ್ಮ ಹಣ್ಣುಗಳನ್ನು ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಿ, ಒಳ್ಳೆಯದರ ಬೀಜವನ್ನು ಹಂಚಿಕೊಂಡರೆ ಈ ಕೊರತೆ ನೀಗುತ್ತದೆ. ಇದಕ್ಕೆ ಹೆಚ್ಚು ಹಣ ಬೇಡ. ಮುಂಚಿತವಾಗಿ ಯೋಚಿಸುವುದು ಮಾತ್ರ ಅಗತ್ಯ.

ರುಚಿ ಎಲ್ಲಿ ಹೋಯಿತು?

ಪೇಟೆಗೆ ಹೋಗುವ ಹಣ್ಣು ಕ್ರೇಟಿನಲ್ಲಿ ಕೂತು ನೂರಾರು ಮೈಲಿ ಲಾರಿಯಲ್ಲಿ ಸಾಗಬೇಕು. ಆದ್ದರಿಂದ ಸಿಪ್ಪೆ ದಪ್ಪವಾಗಿರುವ, ಗಟ್ಟಿಯಾದ, ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುವ ತಳಿಗಳನ್ನು ಆರಿಸಲಾಯಿತು. ಹಣ್ಣನ್ನು ಬಣ್ಣ ತಿರುಗುವ ಹೊತ್ತಿಗೇ ಕೀಳುವುದು ವಾಡಿಕೆಯಾಯಿತು. ಮಾರಾಟಕ್ಕೆ ಬೆಳೆಯುವ ರೈತನಿಗೆ ಇದು ಅನಿವಾರ್ಯ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಆದರೆ ಇದಕ್ಕೆ ತೆತ್ತ ಬೆಲೆ ಎಷ್ಟೆಂಬುದನ್ನು ಈಚಿನ ಸಂಶೋಧನೆಗಳು ತೋರಿಸಿವೆ. ಕಾಯಿಯ ತೊಟ್ಟಿನ ಸುತ್ತ ಕಡುಹಸಿರು ಉಳಿಯದೆ ಸಮನಾಗಿ ಹಣ್ಣಾಗುವ ಗುಣವನ್ನು ತಳಿಗಾರರು ಆರಿಸಿದಾಗ, ಹಣ್ಣಿನಲ್ಲಿ ಸಕ್ಕರೆ ಕೂಡಲು ನೆರವಾಗುವ ಒಂದು ವಂಶವಾಹಿಯೇ ಕೆಟ್ಟುಹೋಗಿತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 2017ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದವರೂ ಸೇರಿದ್ದ ತಂಡವೊಂದು 398 ಬಗೆಯ ಟೊಮೇಟೊಗಳನ್ನು ಪರೀಕ್ಷಿಸಿತು. ರುಚಿಗೆ ಕಾರಣವಾದ 13 ಸುವಾಸನಾ ದ್ರವ್ಯಗಳು ಇಂದಿನ ತಳಿಗಳಲ್ಲಿ ಹಳೆಯವಕ್ಕಿಂತ ಕಡಿಮೆಯಾಗಿವೆಯೆಂದು ಅದರಿಂದ ತಿಳಿಯಿತು. ಆ ತಂಡವೂ ಜನರಿಗೆ ಹಣ್ಣು ತಿನ್ನಲು ಕೊಟ್ಟು, ಅವರ ಮೆಚ್ಚುಗೆಯನ್ನು ಬರೆದುಕೊಂಡೇ ಈ ತೀರ್ಮಾನಕ್ಕೆ ಬಂದದ್ದು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ನಾಲಿಗೆಯ ಕೆಲಸವನ್ನು ಯಂತ್ರವೊಂದೇ ಮಾಡಲಾರದು.

ಕೈತೋಟಗಾರನಿಗೆ ಲಾರಿಯ ಚಿಂತೆಯಿಲ್ಲ. ಅವನ ಹಣ್ಣು ಗಿಡದಿಂದ ಒಲೆಗೆ ಹತ್ತು ಹೆಜ್ಜೆ ನಡೆದರೆ ಸಾಕು. ಹೀಗಿರುವಾಗ ದೂರದ ಪೇಟೆಗೆಂದೇ ಬೆಳೆಸಿದ ತಳಿಯನ್ನು ಅವನು ಹಿತ್ತಲಿನಲ್ಲಿ ನೆಡುವುದೇಕೆ?

ಕಿರುಗಾವಲಿನ ಮಾವು ಹೇಳುವ ಪಾಠ

ರುಚಿ ನೋಡಿ ತಳಿ ಉಳಿಸುವ ಕೆಲಸ ಈ ಜಿಲ್ಲೆಗೆ ಹೊಸದಲ್ಲ. ಮಳವಳ್ಳಿಯಿಂದ ಬನ್ನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರ ಮನೆತನದ 'ಬಡಾ ಬಾಗ್' ಎಂಬ ಮಾವಿನ ತೋಪಿದೆ. ಟಿಪ್ಪು ಸುಲ್ತಾನನ ಕಾಲದ್ದೆಂದು ಹೇಳಲಾಗುವ ಈ ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು ಉಳಿದುಬಂದಿದೆ. ಒಂದೊಂದು ಮರದ ಹಣ್ಣಿಗೂ ಬೇರೆ ಬೇರೆ ಆಕಾರ, ಪರಿಮಳ, ರುಚಿ. ಮಾವಿನ ಕಾಲದಲ್ಲಿ ಹಣ್ಣುಗಳನ್ನು ಸಾಲಾಗಿ ಜೋಡಿಸಿಟ್ಟು ಜನರಿಗೆ ತೋರಿಸುವ, ತಿನ್ನಿಸುವ ಮೇಳಗಳೂ ನಡೆದಿವೆ. ಇದೇ ರೈತರು ನೂರಾರು ಭತ್ತದ ತಳಿಗಳನ್ನೂ ಕಾಪಾಡಿಕೊಂಡು ಬಂದಿದ್ದಾರೆ.

ಮಾವಿಗೂ ಟೊಮೇಟೊವಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮಾವಿನ ಮರವನ್ನು ಒಂದು ತಲೆಮಾರು ಮರೆತರೂ ಅದು ಸಾಯದೆ ನಿಂತಿರುತ್ತದೆ. ಮುಂದಿನ ತಲೆಮಾರಿಗಾಗಿ ಕಾಯುತ್ತದೆ. ಟೊಮೇಟೊ ಗಿಡದ ಆಯುಷ್ಯ ಕೆಲವೇ ತಿಂಗಳು. ಚೆನ್ನಾಗಿ ಒಣಗಿಸಿಟ್ಟ ಬೀಜವೂ ಮೂರು-ನಾಲ್ಕು ವರ್ಷ ದಾಟಿದರೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳತೊಡಗುತ್ತದೆ. ಒಂದು ಮನೆಯ ಅಜ್ಜಿ ಬೀಜ ಎತ್ತಿಡುವುದನ್ನು ನಿಲ್ಲಿಸಿದರೆ, ಆ ತಳಿ ಬೇರೆಲ್ಲೂ ಇಲ್ಲದಿದ್ದರೆ, ನಾಲ್ಕೈದು ವರ್ಷದಲ್ಲಿ ಅದು ಮುಗಿದಂತೆ. ಆದುದರಿಂದ ಟೊಮೇಟೊ ರುಚಿಕೂಟದ ಮುಖ್ಯ ಉದ್ದೇಶ ಬಹುಮಾನ ಹಂಚುವುದಲ್ಲ; ಒಂದು ಮನೆಯ ಬೀಜ ಹತ್ತು ಮನೆಗೆ ಸೇರುವಂತೆ ಮಾಡುವುದು.

ದಿನ ಮತ್ತು ಸ್ಥಳ

ಕೂಟದ ದಿನವನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ನಮ್ಮ ಕಡೆ ಫೆಬ್ರವರಿಯ ಎರಡನೆಯ ಭಾನುವಾರ ಅನುಕೂಲ. ಆಗ ಮಳೆಯ ಕಾಟವಿಲ್ಲ, ಬಿಸಿಲು ಇನ್ನೂ ಏರಿರುವುದಿಲ್ಲ, ಎಲೆ ಮುದುರು ರೋಗವನ್ನು ಹರಡುವ ಬಿಳಿ ನೊಣದ ಹಾವಳಿಯೂ ಬೇಸಿಗೆಯಷ್ಟು ಇರುವುದಿಲ್ಲ. ಬೀಜ ಹಾಕಿದ 25ರಿಂದ 30 ದಿನಕ್ಕೆ ಸಸಿ ನಾಟಿಗೆ ಬರುತ್ತದೆ. ನಾಟಿಯಾದ 70-75 ದಿನಕ್ಕೆ ಹಣ್ಣು ಬಿಡಿಸಲು ಸಿಗುತ್ತದೆ. ಸಾಕಷ್ಟು ಹಣ್ಣು ಒಟ್ಟಿಗೆ ಸಿಗಲು ಇನ್ನೊಂದು ವಾರ ಸೇರಿಸಿದರೆ, ಅಕ್ಟೋಬರ್ ಮೂರನೆಯ ವಾರದಲ್ಲಿ ಸಸಿಮಡಿಗೆ ಬೀಜ ಬಿದ್ದಿರಬೇಕು. ಒಂದು ವಾರ ಬಿಟ್ಟು ಇನ್ನೊಂದಿಷ್ಟು ಬೀಜ ಹಾಕಿದರೆ ಹವೆ ಹೆಚ್ಚುಕಡಿಮೆಯಾದರೂ ಕೈ ತಪ್ಪುವುದಿಲ್ಲ. ಸಸಿಮಡಿಯ ಮೇಲೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ ಬಿಳಿ ನೊಣವನ್ನು ತಡೆಯುವುದು ಒಳ್ಳೆಯದು.

ಮೊದಲ ಕೂಟಕ್ಕೆ ಮದ್ದೂರು ತಕ್ಕ ಸ್ಥಳ. ಮಂಡ್ಯದವರು ರೈಲಿನಲ್ಲಿಯೂ ಬರಬಹುದು, ಮಳವಳ್ಳಿಯವರಿಗೆ ನೇರ ರಸ್ತೆಯಿದೆ. ಮುಂದಿನ ವರ್ಷಗಳಲ್ಲಿ ಸರದಿಯ ಮೇಲೆ ಮಳವಳ್ಳಿ, ಮಂಡ್ಯಗಳಲ್ಲಿ ನಡೆಸಬಹುದು. ನೆರಳು, ಕುಡಿಯುವ ನೀರು, ಅಡುಗೆಗೆ ಒಲೆ, ಈ ಮೂರು ಇರುವ ಶಾಲೆಯ ಅಂಗಳವೋ ಸಮುದಾಯ ಭವನವೋ ಸಾಕು.

ಯಾವ ಹಣ್ಣು, ಎಷ್ಟು?

ಊರಿನ ಹಳೆಯ ನಾಟಿ ಹಣ್ಣುಗಳಿಗೆ ಮೊದಲ ಸ್ಥಾನ. ಅವುಗಳ ಜೊತೆಗೆ ಹೋಲಿಸಿ ನೋಡಲು ಸಂಸ್ಥೆಗಳ ತಳಿಗಳೂ ಇರಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್, ಅರ್ಕಾ ಸೌರಭ್. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಎಲೆ ಮುದುರು ರೋಗವನ್ನು ತಡೆದುಕೊಳ್ಳುವಂತೆ ರೂಪಿಸಿದ ಸಂಕ್ರಾಂತಿ, ನಂದಿ, ವೈಭವ್. ದೆಹಲಿಯ ಪೂಸಾ ಸಂಸ್ಥೆಯ ಹುಳಿ ಹಣ್ಣು ಪೂಸಾ ರೂಬಿ ಇವನ್ನು ಇಲ್ಲಿ ಹೆಸರಿಸಬಹುದು. ಇವೆಲ್ಲ ಬೀಜ ಎತ್ತಿಟ್ಟುಕೊಳ್ಳಬಹುದಾದ ತಳಿಗಳು. ಅರ್ಕಾ ರಕ್ಷಕ್‌ನಂಥ ಸಂಕರಣ ತಳಿಗಳನ್ನು ರುಚಿ ನೋಡಲು ಇಡಬಹುದು, ಆದರೆ ಅವುಗಳ ಬೀಜ ಹಂಚಬಾರದು. ಮರುವರ್ಷ ಹುಟ್ಟುವ ಗಿಡ ತಾಯಿಯಂತಿರುವುದಿಲ್ಲ.

ಒಂದು ಕೂಟಕ್ಕೆ 12 ಬಗೆ ಸಾಕು. ಅದಕ್ಕಿಂತ ಹೆಚ್ಚಾದರೆ ನಾಲಿಗೆ ಸೋಲುತ್ತದೆ. ಪ್ರಮಾಣದ ಲೆಕ್ಕ ಹೀಗಿದೆ: ಒಂದು ಹಣ್ಣನ್ನು 8 ಹೋಳು ಮಾಡಿದರೆ 60 ಜನರಿಗೆ 8 ಹಣ್ಣು ಬೇಕು; ಇದು ಸುಮಾರು 600 ಗ್ರಾಂ. ಸಾರಿಗೆ ಒಂದು ಕಿಲೋ, ಬೀಜಕ್ಕೆ ಮಿಕ್ಕದ್ದು. ಒಟ್ಟು ಬಗೆಗೆ 2 ಕಿಲೋ ಎಂದಿಟ್ಟುಕೊಳ್ಳಿ. ಎರಡೂವರೆ ಅಡಿ ಸಾಲು, ಎರಡು ಅಡಿ ಅಂತರದಲ್ಲಿ ನೆಟ್ಟ 6ರಿಂದ 8 ಗಿಡಗಳು ಇಷ್ಟನ್ನು ಕೊಡಬಲ್ಲವು.

ಹಣ್ಣು ಗಿಡದಲ್ಲೇ ಪೂರ್ತಿ ಕೆಂಪಾಗಲಿ. ಕೂಟದ ಹಿಂದಿನ ಸಂಜೆ ಅಥವಾ ಅಂದಿನ ಬೆಳಿಗ್ಗೆ ಬಿಡಿಸಿ, ಹುಲ್ಲು ಹಾಸಿದ ಕುಕ್ಕೆಯಲ್ಲಿ ತನ್ನಿ. ಫ್ರಿಜ್ಜಿನಲ್ಲಿ ಇಡಲೇಬೇಡಿ. 5 ಡಿಗ್ರಿ ಚಳಿಯಲ್ಲಿ ಒಂದು ವಾರ ಇಟ್ಟ ಹಣ್ಣು ತನ್ನ ಸುವಾಸನೆಯನ್ನು ಬಹುಪಾಲು ಕಳೆದುಕೊಳ್ಳುತ್ತದೆಂದು 2016ರ ಸಂಶೋಧನೆಯಿಂದ ತಿಳಿದಿದೆ. ಹಣ್ಣನ್ನು ಹಸಿಯಾಗಿಯೇ ತಿನ್ನುವುದರಿಂದ, ಕೂಟಕ್ಕೆಂದು ಬೆಳೆದ ಗಿಡಗಳಿಗೆ ಹಣ್ಣು ಕಟ್ಟಿದ ಮೇಲೆ ಕೀಟನಾಶಕ ಸಿಂಪಡಿಸದಿರುವುದು ಕ್ಷೇಮ.

ರುಚಿ ನೋಡುವ ವಿಧಾನ

1. ತಟ್ಟೆಗಳ ಮೇಲೆ ಸಂಖ್ಯೆ ಮಾತ್ರ ಇರಲಿ. ತಳಿಯ ಹೆಸರನ್ನಾಗಲೀ ಬೆಳೆದವರ ಹೆಸರನ್ನಾಗಲೀ ಬರೆಯಬಾರದು. ಹೆಸರು ಕಂಡರೆ ನೆಂಟಸ್ತಿಕೆಗೆ ಮತ ಬೀಳುತ್ತದೆ.

2. ಅರ್ಧ ಜನ 1ನೇ ತಟ್ಟೆಯಿಂದಲೂ ಉಳಿದವರು 12ನೇ ತಟ್ಟೆಯಿಂದಲೂ ಆರಂಭಿಸಲಿ. ಮೊದಲು ತಿಂದದ್ದು ನಾಲಿಗೆಗೆ ಹೆಚ್ಚು ಹಿಡಿಸುವ ಸಂಭವವಿದೆ.

3. ಉಪ್ಪು, ಸಕ್ಕರೆ ಬೇಡ. ನಡುನಡುವೆ ಒಂದು ಹಿಡಿ ಪುರಿ ತಿಂದು, ನೀರು ಕುಡಿದರೆ ಬಾಯಿ ಶುದ್ಧವಾಗುತ್ತದೆ. ಎಲೆ ಅಡಿಕೆ ಹಾಕಿದವರು ಬಾಯಿ ತೊಳೆದು ಬರಬೇಕು.

4. ಅಲ್ಲಿಯೇ ಒಂದು ಬದಿಯಲ್ಲಿ ಪ್ರತಿಯೊಂದು ಬಗೆಯಲ್ಲೂ ತಿಳಿಸಾರು ಕಾಯಿಸಬೇಕು. ನೀರು, ಉಪ್ಪು, ಕುದಿಯುವ ಹೊತ್ತು ಎಲ್ಲಕ್ಕೂ ಒಂದೇ ಅಳತೆ. ಹಸಿಯಾಗಿ ತಿಂದಾಗ ಮುಖ ಸಿಂಡರಿಸುವಂತೆ ಮಾಡುವ ಹುಳಿ ಹಣ್ಣು ಸಾರಿನಲ್ಲಿ ಗೆಲ್ಲಬಹುದು. ಸಿಹಿ ಹಣ್ಣು ಸಾರಿನಲ್ಲಿ ಸಪ್ಪೆಯಾಗಬಹುದು. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಮತ.

5. ಮತಕ್ಕೆ ಕಾಗದ ಬೇಡ. ಒಬ್ಬೊಬ್ಬರಿಗೂ ಮೂರು ಹುಣಸೆ ಬೀಜ ಕೊಡಿ. ತಟ್ಟೆಯ ಹಿಂದೆ ಬಾಯಿ ಕಿರಿದಾದ ಚೊಂಬು ಇಡಿ. ಮುಂಚೆ ಬಿದ್ದ ಬೀಜ ಕಾಣದಿದ್ದರೆ ಯಾರೂ ಇನ್ನೊಬ್ಬರನ್ನು ನೋಡಿ ಹಾಕುವುದಿಲ್ಲ. ಮಕ್ಕಳಿಗೆ ಅವರೆಕಾಳು ಕೊಟ್ಟರೆ ಅವರ ಮತವನ್ನು ಬೇರೆಯಾಗಿ ಎಣಿಸಬಹುದು. ಓದು ಬಾರದ ಹಿರಿಯರೂ ಇದರಲ್ಲಿ ಸಮನಾಗಿ ಭಾಗವಹಿಸಬಹುದು. ಸಾರಿನ ಹದ ಬಲ್ಲ ಹೆಣ್ಣುಮಕ್ಕಳ ತೀರ್ಪು ಇಲ್ಲಿ ಅತಿ ಮುಖ್ಯ.

ಕಬ್ಬು ಬೆಳೆಗಾರರಿಗೆ ಬ್ರಿಕ್ಸ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕಬ್ಬಿನ ಹದ ನೋಡುವ ಅದೇ ಕೈ ಉಪಕರಣದ ಮೇಲೆ ಟೊಮೇಟೊ ರಸದ ಒಂದು ಹನಿ ಹಾಕಿ ನೋಡಬಹುದು. ಸಾಮಾನ್ಯವಾಗಿ 4ರಿಂದ 6 ಬರುತ್ತದೆ. ಆದರೆ ಆ ಅಂಕಿಯನ್ನು ಮತ ಎಣಿಸಿದ ಮೇಲೆಯೇ ಹೇಳಬೇಕು. ಹುಳಿಯನ್ನೂ ಸುವಾಸನೆಯನ್ನೂ ಅದು ಅಳೆಯುವುದಿಲ್ಲ.

ಒಂದೇ ತಳಿ ಎರಡು ಹಿತ್ತಲಿನಲ್ಲಿ ಎರಡು ರುಚಿ ಕೊಡುವುದುಂಟು. ನಾಲೆಯ ನೀರು ಸದಾ ನಿಲ್ಲುವ ನೆಲದಲ್ಲಿ ಹಣ್ಣು ದಪ್ಪನಾಗಿ ಸಪ್ಪೆಯಾಗುತ್ತದೆ, ಬಿರಿಯುತ್ತದೆ. ಖುಷ್ಕಿಯ ಕೆಂಪು ನೆಲದಲ್ಲಿ ಹಿತಮಿತ ನೀರಿನಲ್ಲಿ ಬೆಳೆದದ್ದು ಚಿಕ್ಕದಾದರೂ ರುಚಿ ಗಟ್ಟಿಯಾಗಿರುತ್ತದೆ. ಸಾಧ್ಯವಾದರೆ ಒಂದೇ ತಳಿಯನ್ನು ಮೂರು ತಾಲ್ಲೂಕಿನಿಂದಲೂ ತರಿಸಿ ನೋಡಿದರೆ, ಬೀಜದ ಗುಣ ಎಷ್ಟು, ನೀರಿನ ಗುಣ ಎಷ್ಟು ಎಂಬುದು ಸ್ಪಷ್ಟವಾಗುತ್ತದೆ.

ಬೀಜ ತೆಗೆಯುವುದು

ಮತ ಎಣಿಸಿದ ಮೇಲೆ ಹೆಸರುಗಳನ್ನು ಓದಿ ಹೇಳಿ, ಬೀಜದ ಕೆಲಸವನ್ನು ಎಲ್ಲರೆದುರು ಮಾಡಿ ತೋರಿಸಬೇಕು. ರೋಗವಿಲ್ಲದ ಗಿಡದ, ಚೆನ್ನಾಗಿ ಮಾಗಿದ ಹಣ್ಣನ್ನು ಅಡ್ಡಲಾಗಿ ಕೊಯ್ದು, ಲೋಳೆ ಸಮೇತ ಬೀಜವನ್ನು ಗಾಜಿನ ಇಲ್ಲವೆ ಮಣ್ಣಿನ ಪಾತ್ರೆಗೆ ಹಿಂಡಿ. ಒಂದೆರಡು ದಿನ ಹುಳಿಯಲು ಬಿಡಿ. ಬಳಿಕ ನೀರು ಹಾಕಿ ಕಲಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ. ಅದನ್ನು ತೊಳೆದು, ತಟ್ಟೆಯ ಮೇಲೆ ತೆಳುವಾಗಿ ಹರಡಿ ನೆರಳಿನಲ್ಲಿ ಒಣಗಿಸಿ. ಪೊಟ್ಟಣದ ಮೇಲೆ ತಳಿಯ ಹೆಸರು, ಊರು, ವರ್ಷ ಬರೆಯಿರಿ. ಒಂದು ಗ್ರಾಂ ತೂಕಕ್ಕೆ ಸುಮಾರು 300 ಬೀಜ ಬರುವುದರಿಂದ ನಾಲ್ಕು ಹಣ್ಣಿನ ಬೀಜ ಹಲವು ಮನೆಗೆ ಸಾಕಾಗುತ್ತದೆ.

ಟೊಮೇಟೊ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಆದರೂ ಜೇನುಹುಳದಿಂದ ಅಲ್ಪಸ್ವಲ್ಪ ಬೆರಕೆಯಾಗುವುದುಂಟು. ಶುದ್ಧ ಬೀಜ ಬೇಕಾದವರು ಹೂ ಬಿರಿಯುವ ಮುನ್ನ ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಗುರುತಿಗೆ ಬಣ್ಣದ ದಾರ ಕಟ್ಟಬೇಕು.

ಕೂಟಕ್ಕೆ ಸಸಿಗಳನ್ನು ತರಬಾರದು, ಹಂಚಲೂ ಬಾರದು. ಸಸಿಯ ಜೊತೆಗೆ ಬಿಳಿ ನೊಣ, ಮಣ್ಣಿನ ಜೊತೆಗೆ ಸೊರಗು ರೋಗ ಊರಿಂದೂರಿಗೆ ಹೋಗುತ್ತವೆ. ಬೀಡಿ, ಹೊಗೆಸೊಪ್ಪು ಮುಟ್ಟಿದವರು ಸೋಪಿನಿಂದ ಕೈ ತೊಳೆಯದೆ ಗಿಡವನ್ನಾಗಲೀ ಬೀಜವನ್ನಾಗಲೀ ಮುಟ್ಟಬಾರದು.

ಬೀಜ ವಿನಿಮಯಕ್ಕೆ ಕಾನೂನಿನ ಅಡ್ಡಿಯಿದೆಯೇ ಎಂದು ಕೆಲವರು ಕೇಳುತ್ತಾರೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತನು ತನ್ನ ಜಮೀನಿನ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಿಕೊಳ್ಳಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ.

ಕೂಟದ ನಂತರ

ರುಚಿಯಲ್ಲಿ ಮುಂದಿರುವ ಹಣ್ಣು ಇಳುವರಿಯಲ್ಲಿ ಹಿಂದಿರಬಹುದು, ಎಲೆ ಮುದುರು ರೋಗಕ್ಕೆ ಬೇಗ ಬಲಿಯಾಗಬಹುದು. ಆದ್ದರಿಂದ ಒಂದು ದಪ್ಪ ನೋಟುಪುಸ್ತಕದಲ್ಲಿ ಪ್ರತಿ ತಳಿಗೂ ಒಂದು ಪುಟ ಇಟ್ಟು, ಹಸಿ ಹಣ್ಣಿನ ಮತ, ಸಾರಿನ ಮತ, ಗಿಡಕ್ಕೆ ಎಷ್ಟು ಹಣ್ಣು, ಯಾವ ರೋಗ, ಬೀಜ ಯಾರ ಮನೆಗೆ ಹೋಯಿತು ಎಂಬುದನ್ನೆಲ್ಲ ಬರೆದಿಡಬೇಕು. ಬೀಜ ಒಯ್ದವರು ಮರುವರ್ಷ ಒಂದು ಪೊಟ್ಟಣ ಹಿಂದಕ್ಕೆ ತರಬೇಕೆಂಬ ಕಟ್ಟು ಇರಲಿ. ಒಂದೊಂದು ತಳಿಯೂ ಮೂರು ತಾಲ್ಲೂಕಿನಲ್ಲಿ ಕಡೇಪಕ್ಷ ಎರಡೆರಡು ಮನೆಯಲ್ಲಿದ್ದರೆ, ಒಂದು ಹಿತ್ತಲು ಕೆಟ್ಟರೂ ತಳಿ ಉಳಿಯುತ್ತದೆ.

ಊರಿನ ಸ್ತ್ರೀಶಕ್ತಿ ಸಂಘ, ಯುವಕ ಸಂಘ, ಶಾಲೆ ಇವುಗಳಲ್ಲಿ ಯಾವುದಾದರೊಂದು ಮುಂದಾದರೆ ಕೆಲಸ ಆರಂಭವಾಗುತ್ತದೆ. ತಳಿ, ರೋಗಗಳ ವಿಷಯದಲ್ಲಿ ಸಲಹೆ ಬೇಕಾದವರು ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನೋ ವಿಚಾರಿಸಬಹುದು. ಅದಕ್ಕೂ ಮುಂಚೆ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಓಣಿಯಲ್ಲಿ ಹಳೆಯ ಟೊಮೇಟೊ ಬೀಜ ಯಾರ ಮನೆಯಲ್ಲಿದೆ ಎಂದು ವಿಚಾರಿಸಿ, ಒಂದು ಚಿಟಿಕೆ ಕೇಳಿ ತಂದು, ಪೊಟ್ಟಣ ಕಟ್ಟಿ ವರ್ಷ ಬರೆದಿಡಿ.